ಕಾಗದದ ಮೇಲೆ 9 ಕೋಟಿ ಡಾಲರ್: ಕೌಬಾಯ್ಸ್ ತಂಡ ಎಲಿಯಟ್ ಅವರನ್ನು ಕೈಬಿಟ್ಟ ಲೆಕ್ಕ

2023ರ ಜನವರಿ 22. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಪ್ಲೇಆಫ್ ಪಂದ್ಯ, ಸೋತರೆ ಮನೆಗೆ. ಸ್ಯಾನ್ ಫ್ರಾನ್ಸಿಸ್ಕೊ 19, ಡಲ್ಲಾಸ್ ಕೌಬಾಯ್ಸ್ 12. ಉಳಿದಿರುವುದು 6 ಸೆಕೆಂಡ್. ಗೋಲ್ ಲೈನ್ ಇನ್ನೂ 76 ಗಜ ದೂರ. ಆಗ ಡಲ್ಲಾಸ್ ಒಂದು ವಿಚಿತ್ರ ಆಟ ಹೂಡಿತು. ದಢೂತಿ ಲೈನ್‌ಮನ್‌ಗಳನ್ನೆಲ್ಲ ಪಕ್ಕಕ್ಕೆ ಕಳಿಸಿ, ಮಧ್ಯದಲ್ಲಿ ಚೆಂಡಿನ ಮೇಲೆ ಬಾಗಿ ನಿಲ್ಲಲು ಒಬ್ಬರನ್ನೇ ಬಿಟ್ಟಿತು. ಆ ಒಬ್ಬರು ಎಝೆಕಿಯಲ್ ಎಲಿಯಟ್. ಅದು ಅವರ ಜಾಗವೇ ಅಲ್ಲ. ಅವರು ರನ್ನಿಂಗ್ ಬ್ಯಾಕ್, ಚೆಂಡು ಹಿಡಿದು ಓಡುವವರು. ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು ತಲೆ ಎತ್ತುವಷ್ಟರಲ್ಲಿ ಎದುರಾಳಿ ಲೈನ್‌ಬ್ಯಾಕರ್ ಬಂದು ಗುದ್ದಿದ ರಭಸಕ್ಕೆ ಅಂಗಾತ ಬಿದ್ದರು. ಪಾಸ್ ಹಿಡಿದ ಆಟಗಾರನೂ ಹಿಡಿದಲ್ಲೇ ಬಿದ್ದ. ಪಂದ್ಯ ಮುಗಿಯಿತು.

ಆ ವಿಡಿಯೊ ನೋಡಿ ನಗದವರಿಲ್ಲ. ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ 15ರಂದು, ಕೌಬಾಯ್ಸ್ ತಂಡ ಎಲಿಯಟ್ ಅವರನ್ನು ಬಿಡುಗಡೆ ಮಾಡಿತು. ಆಗ ಅವರಿಗೆ 27 ವರ್ಷ. ಕೈಯಲ್ಲಿ 2026ರವರೆಗಿನ ಒಪ್ಪಂದ ಇತ್ತು. ಹಿಂದಿನ ಸೀಸನ್‌ನಲ್ಲಿ 12 ಟಚ್‌ಡೌನ್ ಹೊಡೆದಿದ್ದರು, ಅಂದರೆ ಚೆಂಡನ್ನು ಗೋಲ್ ಲೈನ್ ದಾಟಿಸಿದ್ದು 12 ಸಲ.

ನಮ್ಮ ಕಡೆಯವರು ಈ ಸುದ್ದಿ ಓದಿದರೆ ಮೊದಲು ಬರುವ ಪ್ರಶ್ನೆ ಸಹಜವಾದದ್ದೇ. ಇನ್ನೂ ನಾಲ್ಕು ವರ್ಷದ ಕರಾರು ಇರುವವರನ್ನು ಸುಮ್ನೆ ಹಾಗೆ ಕಳಿಸಿಬಿಡಬಹುದಾ? ಕಳಿಸಬಹುದು. ಎನ್‌ಎಫ್‌ಎಲ್‌ನಲ್ಲಿ ಪ್ರತಿ ಮಾರ್ಚ್‌ನಲ್ಲೂ ಇದೇ ನಡೆಯುತ್ತದೆ. ಆಟ ಕೆಟ್ಟಿತು, ಅದಕ್ಕೆ ತೆಗೆದರು ಎನ್ನುವುದು ಅರ್ಧ ಸತ್ಯ. ಇನ್ನರ್ಧ 2019ರಲ್ಲಿ ಅವರು ಸಹಿ ಹಾಕಿದ ಕಾಗದದಲ್ಲೇ ಬರೆದಿತ್ತು. ಆ ಕಾಗದವನ್ನೇ ಬಿಚ್ಚಿ ನೋಡೋಣ.

ಅದಕ್ಕೂ ಮೊದಲು ಆಟದ ಬಗ್ಗೆ ಒಂದೆರಡು ಮಾತು. ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ, ಅಮೆರಿಕದ ಫುಟ್‌ಬಾಲ್. ದಾಳಿ ಮಾಡುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಮುಂದೆ ಹೋಗಲು ದಾರಿ ಎರಡು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬೇಕು, ಇಲ್ಲವೇ ಪಕ್ಕದಲ್ಲಿರುವ ರನ್ನಿಂಗ್ ಬ್ಯಾಕ್ ಕೈಗೆ ಕೊಡಬೇಕು. ಕೊಟ್ಟರೆ ಆ ಮನುಷ್ಯ 120, 140 ಕಿಲೋ ತೂಗುವವರ ಸಂದಿಯಲ್ಲಿ ನುಗ್ಗಬೇಕು. ಹೆಚ್ಚಿನ ಸಲ ಮೂರು ನಾಲ್ಕು ಗಜದಲ್ಲಿ ಯಾರಾದರೂ ಕೆಡವುತ್ತಾರೆ. ಎದ್ದು ಬಂದು ಮತ್ತೆ ನುಗ್ಗಬೇಕು. ಡಲ್ಲಾಸ್‌ನ ಮೊದಲ ಏಳು ಸೀಸನ್‌ಗಳಲ್ಲಿ ಎಲಿಯಟ್ ಲೀಗ್ ಪಂದ್ಯಗಳಲ್ಲಿ ಹೀಗೆ ನುಗ್ಗಿದ್ದು 1,881 ಸಲ. ಪಾಸ್ ಹಿಡಿದದ್ದು, ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ಅಡ್ಡ ನಿಂತದ್ದು ಈ ಲೆಕ್ಕಕ್ಕೆ ಸೇರಿಲ್ಲ.

ಶುರುವಿನಲ್ಲಿ ಅವರದು ಅಬ್ಬರವೇ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಬಂದ ಅವರನ್ನು 2016ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವಲ್ಲಿ, ಕೌಬಾಯ್ಸ್ 4ನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಮೊದಲ ವರ್ಷವೇ 1,631 ಗಜ, ಇಡೀ ಲೀಗ್‌ಗೆ ಮೊದಲಿಗ. ಆ ಡಿಸೆಂಬರ್‌ನಲ್ಲಿ ಟಚ್‌ಡೌನ್ ಹೊಡೆದ ಖುಷಿಗೆ, ಮೈದಾನದ ಅಂಚಿನಲ್ಲಿ ದಾನಕ್ಕೆಂದು ಸಾಲ್ವೇಶನ್ ಆರ್ಮಿ ಇಟ್ಟಿದ್ದ ದೊಡ್ಡ ಕೆಂಪು ಹಂಡೆಯೊಳಗೆ ಹಾರಿ ಕೂತು, ತಲೆಯಷ್ಟೇ ಹೊರಗೆ ಹಾಕಿ ಇಣುಕಿದರು. ತಂಡಕ್ಕೆ 15 ಗಜದ ಪೆನಾಲ್ಟಿ ಬಿತ್ತು. ಆದರೆ ಆ ಸಂಸ್ಥೆಗೆ ದಾನ ಹರಿದು ಬಂತು. 2018ರಲ್ಲಿ 1,434 ಗಜ ಓಡಿ ಮತ್ತೆ ಲೀಗ್‌ಗೆ ಮೊದಲಿಗರಾದರು. ಡಲ್ಲಾಸ್ ಸುತ್ತಮುತ್ತ, ಫ್ರಿಸ್ಕೊ, ಪ್ಲೇನೊ ಕಡೆ ಕನ್ನಡದವರು ಬೇಕಾದಷ್ಟಿದ್ದಾರೆ. ಕೌಬಾಯ್ಸ್ ಕಚೇರಿ, ಅಭ್ಯಾಸದ ಮೈದಾನ ಇರುವುದೂ ಫ್ರಿಸ್ಕೊದಲ್ಲೇ. ಅಲ್ಲಿ ಮಕ್ಕಳನ್ನು ಬೆಳೆಸಿದವರಿಗೆ 21ನೇ ನಂಬರಿನ ಆ ಜೆರ್ಸಿ ಯಾರದೆಂದು ಹೇಳಬೇಕಾಗಿಲ್ಲ.

ಗ್ಯಾರಂಟಿ ಎಷ್ಟು?

2019ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳ ತಲೆಬರಹ ಹೀಗಿತ್ತು: 6 ವರ್ಷ, 9 ಕೋಟಿ ಡಾಲರ್. ಹಳೆಯ ಒಪ್ಪಂದದಲ್ಲಿ ಉಳಿದಿದ್ದ ಎರಡು ವರ್ಷದ ಮೇಲೆ ಈ ಆರು, ಹಾಗಾಗಿ 2026ರವರೆಗೆ. ಆ ಹೊತ್ತಿಗೆ ರನ್ನಿಂಗ್ ಬ್ಯಾಕ್‌ಗಳಲ್ಲಿ ಅದೇ ಅತಿ ದೊಡ್ಡ ಒಪ್ಪಂದ. ಇಂಥ ತಲೆಬರಹ ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ, ಗ್ಯಾರಂಟಿ ಎಷ್ಟು? ಇಲ್ಲಿ ಅದು 5 ಕೋಟಿ. ಉಳಿದದ್ದು ತಂಡದ ಮರ್ಜಿ. ಆಟಗಾರ ತಂಡದಲ್ಲಿ ಇದ್ದರೆ ಆ ವರ್ಷದ ಸಂಬಳ ಸಿಗುತ್ತದೆ, ಕೈಬಿಟ್ಟರೆ ಇಲ್ಲ. ಆಟಗಾರ ತಾನಾಗಿ ಬಿಟ್ಟು ಹೋಗಲು ಆಗುವುದಿಲ್ಲ, ತಂಡ ಮಾತ್ರ ಬೇಕಾದಾಗ ಬಿಡಬಹುದು. ಇದು ಯಾವ ಸೀಮೆ ಕರಾರು ಅಂತ ಅನಿಸಿದರೆ ತಪ್ಪಿಲ್ಲ. ಬೇಸ್‌ಬಾಲ್‌ನಲ್ಲಿ, ಬಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಒಪ್ಪಂದಗಳ ಹಣ ಸಾಮಾನ್ಯವಾಗಿ ಪೂರ್ತಿ ಗ್ಯಾರಂಟಿ. ಎಲ್ಲಕ್ಕಿಂತ ಜಾಸ್ತಿ ಮೈ ಮುರಿಯುವ ಆಟದಲ್ಲೇ ಗ್ಯಾರಂಟಿ ಕಡಿಮೆ ಎಂಬುದು ನನಗಂತೂ ಇವತ್ತಿಗೂ ಜೀರ್ಣವಾಗಿಲ್ಲ.

ಎಲಿಯಟ್ ಅವರ 2022ರ ಸಂಬಳದವರೆಗೆ ಗ್ಯಾರಂಟಿ ಇತ್ತು. 2023ರ ಸಂಬಳ 1.09 ಕೋಟಿ ಡಾಲರ್, ಅದಕ್ಕೆ ಇರಲಿಲ್ಲ. ಅಂದರೆ ತಂಡ ಬಾಗಿಲು ತೆರೆಯಬಹುದಾದ ಮೊದಲ ದಿನ ಯಾವುದೆಂದು ಸಹಿ ಹಾಕಿದ ದಿನವೇ ಗೊತ್ತಿತ್ತು. ಅದು 2023ರ ಮಾರ್ಚ್. ಎನ್‌ಎಫ್‌ಎಲ್‌ನ ಹೊಸ ಲೆಕ್ಕದ ವರ್ಷ ಶುರುವಾಗುವುದು ಮಾರ್ಚ್ ಮಧ್ಯದಲ್ಲಿ. ಆ ವರ್ಷ ಅದು 15ನೇ ತಾರೀಖು. ಬಿಡುಗಡೆ ಆದದ್ದೂ ಅದೇ ದಿನ.

ಐಪಿಎಲ್ ನೋಡುವವರಿಗೆ ಬಿಡುಗಡೆ ಎಂಬ ಮಾತು ಹೊಸದಲ್ಲ. ಆರ್‌ಸಿಬಿ 2024ರಲ್ಲಿ ಸಿರಾಜ್, ಮ್ಯಾಕ್ಸ್‌ವೆಲ್, ಡುಪ್ಲೆಸಿ ಅವರನ್ನು ಬಿಟ್ಟಿತು. ಅವರಿಗೆ ಇಟ್ಟ ಹಣ ಮುಂದಿನ ಹರಾಜಿಗೆ ಪರ್ಸ್‌ನಲ್ಲಿ ಲಭ್ಯವಾಯಿತು, ಕತೆ ಮುಗಿಯಿತು. ಎನ್‌ಎಫ್‌ಎಲ್‌ನಲ್ಲಿ ಹಾಗೆ ಮುಗಿಯುವುದಿಲ್ಲ. ಹೋದ ಆಟಗಾರ ಲೆಕ್ಕದ ಪುಸ್ತಕದಲ್ಲಿ ಉಳಿಯುತ್ತಾನೆ. ಅದಕ್ಕೆ ಡೆಡ್ ಮನಿ ಅನ್ನುತ್ತಾರೆ.

ಡೆಡ್ ಮನಿ ಹುಟ್ಟುವುದು ಹೀಗೆ

1994ರಿಂದ ಎನ್‌ಎಫ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್ ಇದೆ. ಪ್ರತಿ ತಂಡ ಆಟಗಾರರಿಗೆ ವರ್ಷಕ್ಕೆ ಇಷ್ಟೇ ಖರ್ಚು ತೋರಿಸಬಹುದು ಎಂಬ ಮಿತಿ. ಮೊದಲ ವರ್ಷ ಅದು 3.46 ಕೋಟಿ ಡಾಲರ್. 2023ರಲ್ಲಿ 22.48 ಕೋಟಿ. ಮಾಲೀಕರು ಎಷ್ಟೇ ಶ್ರೀಮಂತರಿರಲಿ, ಮಿತಿ ಎಲ್ಲರಿಗೂ ಒಂದೇ. ಕೌಬಾಯ್ಸ್ ಮಾಲೀಕ ಜೆರ್ರಿ ಜೋನ್ಸ್ ಹತ್ತಿರ ಹಣಕ್ಕೇನೂ ಬರ ಇಲ್ಲ. ಬರ ಇರುವುದು ಕ್ಯಾಪ್‌ನೊಳಗಿನ ಜಾಗಕ್ಕೆ.

ಹಾಗಾಗಿ ತಂಡಗಳು ಒಂದು ಉಪಾಯ ಮಾಡುತ್ತವೆ. ಸಂಬಳವನ್ನು ಆ ವರ್ಷದ ಲೆಕ್ಕದಲ್ಲೇ ಪೂರ್ತಿ ತೋರಿಸಬೇಕು. ಆದರೆ ಬೋನಸ್ ಆಗಿ ಕೊಟ್ಟರೆ ಕೈಗೆ ಕೊಡುವುದು ಈಗ, ಲೆಕ್ಕದಲ್ಲಿ ತೋರಿಸುವುದು ಐದು ವರ್ಷದವರೆಗೆ ಸಮನಾಗಿ ಹಂಚಿ. ಎಲಿಯಟ್ ವಿಷಯದಲ್ಲಿ ಇಂಥ ಮೂರು ಬೋನಸ್ ಒಂದರ ಮೇಲೊಂದು ಕೂತಿದ್ದವು. 2019ರಲ್ಲಿ ಸಹಿ ಹಾಕಿದಾಗ 75 ಲಕ್ಷ ಡಾಲರ್. ವರ್ಷಕ್ಕೆ 15 ಲಕ್ಷದ ಕಂತು, 2023ಕ್ಕೆ ಮುಗಿಯಬೇಕು. 2020ರಲ್ಲಿ 1.3 ಕೋಟಿ. ವರ್ಷಕ್ಕೆ 26 ಲಕ್ಷ, 2024ರವರೆಗೆ. 2021ರಲ್ಲಿ ಕೋವಿಡ್ ಹೊಡೆತಕ್ಕೆ ಕ್ಯಾಪ್ 19.82 ಕೋಟಿಯಿಂದ 18.25 ಕೋಟಿಗೆ ಇಳಿಯಿತು. ಆ ವರ್ಷ ಅವರ ಸಂಬಳದಲ್ಲೇ 86 ಲಕ್ಷ ತೆಗೆದು ಬೋನಸ್ ಎಂದು ಬರೆದರು. ವರ್ಷಕ್ಕೆ 17.2 ಲಕ್ಷ, 2025ರವರೆಗೆ.

ಈಗ 2023ರ ಸಾಲು ಕೂಡಿಸಿ. 15, 26, 17.2. ಒಟ್ಟು 58.2 ಲಕ್ಷ. ಇದರ ಮೇಲೆ ಆ ವರ್ಷದ ಸಂಬಳ 1.09 ಕೋಟಿ. ಇಟ್ಟುಕೊಂಡರೆ ಕ್ಯಾಪ್‌ನಲ್ಲಿ 1.67 ಕೋಟಿಯಷ್ಟು ಜಾಗ ಅವರೊಬ್ಬರಿಗೇ ಹೋಗುತ್ತಿತ್ತು.

ಬಿಟ್ಟರೆ? ಸಂಬಳ ಕೊಡಬೇಕಾಗಿಲ್ಲ. ಆದರೆ ಹಂಚಿಟ್ಟ ಕಂತುಗಳು ಎಲ್ಲಿಗೂ ಹೋಗುವುದಿಲ್ಲ. ಮಾಮೂಲಿ ನಿಯಮದಂತೆ ಮುಂದಿನ ವರ್ಷಗಳ ಕಂತುಗಳೂ ಒಟ್ಟಿಗೇ ಈ ವರ್ಷಕ್ಕೆ ಬಂದು ಬೀಳುತ್ತವೆ. 2024, 2025ರ ಬಾಕಿ 60.4 ಲಕ್ಷ ಸೇರಿ 1.19 ಕೋಟಿಯಷ್ಟು ಡೆಡ್ ಮನಿ. ಉಳಿತಾಯ ಬರೀ 48.6 ಲಕ್ಷ. ಅಷ್ಟಕ್ಕೆ ಯಾರು ಕೈ ಹಾಕುತ್ತಾರೆ?

ಆದರೆ ಇನ್ನೊಂದು ನಿಯಮ ಇದೆ. ಜೂನ್ 1ರ ನಂತರ ಬಿಡುಗಡೆ ಮಾಡಿದರೆ ಈ ವರ್ಷದ ಕಂತು ಮಾತ್ರ ಈ ವರ್ಷಕ್ಕೆ, ಉಳಿದದ್ದು ಮುಂದಿನ ವರ್ಷಕ್ಕೆ. ಅದಕ್ಕಾಗಿ ಜೂನ್‌ವರೆಗೆ ಕಾಯಬೇಕೆಂದೂ ಇಲ್ಲ. ಪ್ರತಿ ತಂಡ ವರ್ಷಕ್ಕೆ ಇಬ್ಬರನ್ನು ಮಾರ್ಚ್‌ನಲ್ಲೇ ಬಿಟ್ಟು, ಇದನ್ನು ಜೂನ್ 1ರ ನಂತರದ್ದು ಎಂದು ಬರೆದುಕೊಳ್ಳಿ ಎನ್ನಬಹುದು. ಕೌಬಾಯ್ಸ್ ಮಾಡಿದ್ದು ಇದನ್ನೇ. 2023ಕ್ಕೆ 58.2 ಲಕ್ಷ ಡೆಡ್ ಮನಿ, 2024ಕ್ಕೆ 60.4 ಲಕ್ಷ. ಉಳಿತಾಯ 1.09 ಕೋಟಿ. ಅಂದರೆ ಆ ವರ್ಷದ ಪೂರ್ತಿ ಸಂಬಳ. ಒಂದು ತೊಡಕು ಎಂದರೆ, ಉಳಿದ ಜಾಗ ಕೈಗೆ ಸಿಗುವುದು ಜೂನ್‌ನಲ್ಲೇ. ಮಾರ್ಚ್‌ನ ಖರೀದಿ ಭರಾಟೆಗೆ ಅದು ಒದಗುವುದಿಲ್ಲ.

ಇಲ್ಲಿ ಬಹಳ ಜನ ಎಡವುತ್ತಾರೆ. ಡೆಡ್ ಮನಿ ಅಂದರೆ ಹೋದ ಆಟಗಾರನಿಗೆ ಈಗ ಕೊಡುತ್ತಿರುವ ಹಣ ಅಲ್ಲ. ಆ ಹಣ ಅವರ ಬ್ಯಾಂಕ್ ಸೇರಿ ವರ್ಷಗಳೇ ಆಗಿವೆ. ಈಗ ನಡೆಯುತ್ತಿರುವುದು ಪುಸ್ತಕದಲ್ಲಿ ಬರೆಯುವ ಕೆಲಸ ಮಾತ್ರ. ಹಾಗಾಗಿ ಪ್ರತಿ ಸಲ ಒಪ್ಪಂದ ತಿದ್ದಿ ಸಂಬಳವನ್ನು ಬೋನಸ್ ಮಾಡಿದಾಗ ಆಟಗಾರನಿಗೂ ಖುಷಿ, ತಂಡಕ್ಕೂ ಖುಷಿ. ಅವರಿಗೆ ದುಡ್ಡು ಬೇಗ ಬಂತು, ಇವರಿಗೆ ಜಾಗ ಸಿಕ್ಕಿತು. ತೊಂದರೆ ಏನಿದ್ದರೂ ಮುಂದಿನ ವರ್ಷಗಳದ್ದು.

ಸರಿಯಾದ ವಯಸ್ಸು, ಕಡಿಮೆ ಸಂಬಳ

ಇಷ್ಟು ಲೆಕ್ಕ ಎಲ್ಲ ಸ್ಥಾನದ ಆಟಗಾರರಿಗೂ ಒಂದೇ. ಹಾಗಿದ್ದರೆ ರನ್ನಿಂಗ್ ಬ್ಯಾಕ್‌ಗಳೇ ಯಾಕೆ ಜಾಸ್ತಿ ಬೀದಿಗೆ ಬೀಳುತ್ತಾರೆ?

ಉತ್ತರ ವಯಸ್ಸಿನಲ್ಲಿದೆ. ಕ್ವಾರ್ಟರ್‌ಬ್ಯಾಕ್ 35ರಲ್ಲೂ ಆಡುತ್ತಾನೆ, ಲೈನ್‌ಮನ್ 30 ದಾಟಿಯೂ ಗಟ್ಟಿ ಇರುತ್ತಾನೆ. ರನ್ನಿಂಗ್ ಬ್ಯಾಕ್‌ಗೆ 22ರಿಂದ 26 ಒಳ್ಳೆಯ ಕಾಲ. ಆ ಒಳ್ಳೆಯ ಕಾಲ ಪೂರ್ತಿ ಹೋಗುವುದು ಮೊದಲ ಒಪ್ಪಂದದಲ್ಲಿ, ಅದರ ಮೊತ್ತ ಅವರ ಕೈಯಲ್ಲಿಲ್ಲ. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದ ಪ್ರಕಾರ ಡ್ರಾಫ್ಟ್ ಆದವರಿಗೆ ನಾಲ್ಕು ವರ್ಷದ ನಿಗದಿತ ಸಂಬಳ. ಮೊದಲ ಸುತ್ತಿನಲ್ಲಿ ಬಂದವರಾದರೆ ಐದನೇ ವರ್ಷ ಇಟ್ಟುಕೊಳ್ಳುವ ಹಕ್ಕೂ ತಂಡಕ್ಕೇ. ಅದಾದ ಮೇಲೆ ಫ್ರಾಂಚೈಸ್ ಟ್ಯಾಗ್ ಹಾಕಿ ಇನ್ನೊಂದು ವರ್ಷ ಹಿಡಿದಿಡಬಹುದು. ಟ್ಯಾಗ್‌ನ ಮೊತ್ತ ಆ ಸ್ಥಾನದ ಅತಿ ಹೆಚ್ಚು ಸಂಬಳದವರ ಲೆಕ್ಕದ ಮೇಲೆ ನಿಗದಿಯಾಗುತ್ತದೆ. 2023ರಲ್ಲಿ ಕ್ವಾರ್ಟರ್‌ಬ್ಯಾಕ್ ಟ್ಯಾಗ್ 3.24 ಕೋಟಿ ಡಾಲರ್, ರನ್ನಿಂಗ್ ಬ್ಯಾಕ್ ಟ್ಯಾಗ್ 1.01 ಕೋಟಿ.

2019ಕ್ಕೆ ಬನ್ನಿ. ಮೂರು ಸೀಸನ್‌ನಲ್ಲಿ ಎರಡು ಸಲ ಲೀಗ್‌ನ ಮೊದಲಿಗ ಎಲಿಯಟ್. ಆ ವರ್ಷದ ಸಂಬಳ ಸುಮಾರು 38 ಲಕ್ಷ. ಮೊಣಕಾಲು ಒಮ್ಮೆ ಹೋದರೆ ಮುಗಿಯಿತು ಎಂಬುದು ಅವರಿಗೂ ಗೊತ್ತು. ಹಾಗಾಗಿ ತರಬೇತಿ ಶಿಬಿರಕ್ಕೆ ಬರಲೇ ಇಲ್ಲ. ಮೆಕ್ಸಿಕೊದ ಕಾಬೊದಲ್ಲಿ ಹೋಗಿ ಕೂತರು, ಅಲ್ಲೇ ಅಭ್ಯಾಸ ಮಾಡಿದರು. ಇತ್ತ ಅಭ್ಯಾಸ ಪಂದ್ಯದಲ್ಲಿ ಟೋನಿ ಪೊಲಾರ್ಡ್ ಎಂಬ ಹೊಸ ಹುಡುಗ ಚೆನ್ನಾಗಿ ಓಡಿದ. ವರದಿಗಾರರ ಮುಂದೆ ಜೆರ್ರಿ ಜೋನ್ಸ್ ಎಲಿಯಟ್ ಅಡ್ಡಹೆಸರು ಹಿಡಿದು 'ಝೀಕ್? ಯಾರದು?' ಎಂದು ತಮಾಷೆ ಮಾಡಿದರು. ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆಲ್ಲಲು ಅತಿ ಹೆಚ್ಚು ಗಜದ ಓಟಗಾರನೇ ಬೇಕು ಅಂತೇನಿಲ್ಲ ಎಂದೂ ಹೇಳಿದ್ದರು. ಅದೇ ಜೆರ್ರಿ ಕೊನೆಗೆ, ಸೀಸನ್ ಶುರುವಾಗುವ ಹೊತ್ತಿಗೆ, 9 ಕೋಟಿಗೆ ಸಹಿ ಹಾಕಿದರು.

ಆ ಹುಡುಗ ಪೊಲಾರ್ಡ್ ಹೆಸರು ನೆನಪಿಡಿ, ಮತ್ತೆ ಬರುತ್ತದೆ.

ಎಲಿಯಟ್ ಹಟ ಮಾಡಿದ್ದು ತಪ್ಪು ಎಂದು ಆಗ ಬಹಳ ಜನ ಬೈದರು. ನನಗೆ ಹಾಗನ್ನಿಸುವುದಿಲ್ಲ. ಒಂದು ವರ್ಷ ಮೊದಲು ಪಿಟ್ಸ್‌ಬರ್ಗ್‌ನ ಲೆವಿಯಾನ್ ಬೆಲ್ 1.45 ಕೋಟಿಯ ಟ್ಯಾಗ್ ಒಪ್ಪದೆ ಇಡೀ ಸೀಸನ್ ಮನೆಯಲ್ಲಿ ಕೂತಿದ್ದರು. ಮುಂದೆ ನ್ಯೂಯಾರ್ಕ್ ಜೆಟ್ಸ್‌ನಲ್ಲಿ ದೊಡ್ಡ ಒಪ್ಪಂದ ಸಿಕ್ಕರೂ ಎರಡನೇ ಸೀಸನ್‌ನ ನಡುವೆಯೇ ಜೆಟ್ಸ್ ಅವರನ್ನು ಕೈಬಿಟ್ಟಿತು. ರ‍್ಯಾಮ್ಸ್ ತಂಡದ ಟಾಡ್ ಗರ್ಲಿ ಕತೆಯೂ ಅಷ್ಟೇ ಬೇಗ ಮುಗಿಯಿತು. 2018ರ ಜುಲೈನಲ್ಲಿ ದೊಡ್ಡ ಒಪ್ಪಂದ, 2020ರ ಮಾರ್ಚ್‌ನಲ್ಲಿ ಬಿಡುಗಡೆ. ಮೊಣಕಾಲು ಸಹಕರಿಸಲಿಲ್ಲ. ಆಗ ಅವರಿಗೆ ವಯಸ್ಸು 25. ಇಂಥ ಸಾಲಿನಲ್ಲಿ ಎಲಿಯಟ್ ಗ್ಯಾರಂಟಿಯಾಗಿದ್ದ 5 ಕೋಟಿಯಷ್ಟನ್ನು ಪೂರ್ತಿ ಎಣಿಸಿಕೊಂಡು ಹೋದರು. ಕಾಗದದಲ್ಲೇ ಉಳಿದದ್ದು ಕೊನೆಯ ನಾಲ್ಕು ವರ್ಷದ ಸಂಬಳ. ಅವರ ಏಜೆಂಟ್‌ಗೂ ಅದು ಬರುತ್ತದೆಂಬ ಭ್ರಮೆ ಇದ್ದಿರಲಾರದು.

ತಂಡದವರ ಕಡೆಯ ವಾದವೂ ಕೇಳಬೇಕು, ಅದೂ ಹುರುಳಿಲ್ಲದ್ದಲ್ಲ. ರನ್ನಿಂಗ್ ಬ್ಯಾಕ್ ಓಡುವ ಗಜಗಳಲ್ಲಿ ಎಷ್ಟು ಅವನದು, ಎಷ್ಟು ಮುಂದೆ ದಾರಿ ಮಾಡಿಕೊಡುವ ಲೈನ್‌ಮನ್‌ಗಳದ್ದು? 2016ರಲ್ಲಿ ಎಲಿಯಟ್ ಮುಂದೆ ಟೈರನ್ ಸ್ಮಿತ್, ಟ್ರಾವಿಸ್ ಫ್ರೆಡರಿಕ್, ಝ್ಯಾಕ್ ಮಾರ್ಟಿನ್ ಇದ್ದರು. ಲೀಗ್‌ನಲ್ಲೇ ಅಂಥ ಲೈನ್ ಕಡಿಮೆ. ಅದಕ್ಕೂ ಎರಡು ವರ್ಷ ಮೊದಲು ಅದೇ ತಂಡದಲ್ಲಿ ಡಿಮಾರ್ಕೊ ಮರ್ರೆ 1,845 ಗಜ ಓಡಿ ಲೀಗ್‌ಗೆ ಮೊದಲಿಗರಾಗಿದ್ದರು. ಆ ಒಂದೇ ವರ್ಷ ಅವರ ಕೈಗೆ 392 ಸಲ ಚೆಂಡು ಕೊಟ್ಟಿದ್ದರು. ಸೀಸನ್ ಮುಗಿದ ಮೇಲೆ ಹೆಚ್ಚು ಹಣ ಕೇಳಿದಾಗ ಕೌಬಾಯ್ಸ್ ಹೋಗಲು ಬಿಟ್ಟಿತು. ಫಿಲಡೆಲ್ಫಿಯಾ ಈಗಲ್ಸ್ 5 ವರ್ಷ, ಸುಮಾರು 4 ಕೋಟಿಗೆ ಕರೆದುಕೊಂಡಿತು. ಮೊದಲ ವರ್ಷ ಅಲ್ಲಿ ಓಡಿದ್ದು 702 ಗಜ. ಮರುವರ್ಷ ಟೆನೆಸ್ಸಿಗೆ ಸಾಗಹಾಕಿದರು. ಅಲ್ಲಿ 1,287 ಗಜ ಓಡಿದರು, ಅದು ಬೇರೆ ಮಾತು. ಆದರೆ ಡಲ್ಲಾಸ್ ಲೆಕ್ಕ ಸರಿಯಾಗಿತ್ತು. ತಮಾಷೆ ಏನೆಂದರೆ, ಮರ್ರೆ ವಿಷಯದಲ್ಲಿ ಅಷ್ಟು ಜಾಣತನ ತೋರಿದ ಅದೇ ತಂಡ ನಾಲ್ಕೇ ವರ್ಷದಲ್ಲಿ ಎಲಿಯಟ್‌ಗೆ 9 ಕೋಟಿ ಬರೆದುಕೊಟ್ಟಿತು.

ಆಮೇಲೆ ಅಂಕಿಗಳು ಇಳಿಯತೊಡಗಿದವು. 2019ರಲ್ಲಿ 1,357 ಗಜ. 2020ರಲ್ಲಿ 979. 2021ರಲ್ಲಿ ಮೊಣಕಾಲಿನ ಲಿಗಮೆಂಟ್ ಸ್ವಲ್ಪ ಹರಿದಿದ್ದರೂ ಒಂದು ಪಂದ್ಯವೂ ತಪ್ಪಿಸದೆ ಆಡಿ 1,002. 2022ರಲ್ಲಿ 876, ಒಂದು ಓಟಕ್ಕೆ ಸರಾಸರಿ 3.8 ಗಜ. ಅದೇ ವರ್ಷ, ಅದೇ ಲೈನ್‌ನ ಹಿಂದೆ, ಪೊಲಾರ್ಡ್ 193 ಓಟದಲ್ಲಿ 1,007 ಗಜ ತೆಗೆದರು. ಸರಾಸರಿ 5.2. ನಾಲ್ಕನೇ ಸುತ್ತಿನಲ್ಲಿ ಬಂದ ಹುಡುಗ, ಸಂಬಳ ಎಲಿಯಟ್ ಮುಂದೆ ಚಿಲ್ಲರೆ.

ಇಲ್ಲಿ ಎಲಿಯಟ್ ಪರವಾಗಿ ಒಂದು ಮಾತು ಹೇಳಲೇಬೇಕು. ಸರಾಸರಿ ಎಂಬುದು ಪೂರ್ತಿ ಚಿತ್ರ ಕೊಡುವುದಿಲ್ಲ. ಒಂದು ಗಜ ಬೇಕಾದಾಗ, ಹನ್ನೊಂದು ಜನ ಎದುರಿಗೆ ಗೋಡೆ ಕಟ್ಟಿದಾಗ, ಚೆಂಡು ಹೋಗುತ್ತಿದ್ದುದು ಎಲಿಯಟ್ ಕೈಗೆ. ಅಲ್ಲಿ ಎರಡು ಗಜ ಓಡಿದರೆ ಗೆದ್ದಂತೆ, ಆದರೆ ಸರಾಸರಿ ಇಳಿಯುತ್ತದೆ. 12 ಟಚ್‌ಡೌನ್ ಬಂದದ್ದು ಹಾಗೆ. ಪಾಸ್ ಎಸೆಯುವಾಗ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಮೇಲೆ ನುಗ್ಗುವವರನ್ನು ಎದೆಕೊಟ್ಟು ತಡೆಯುವುದರಲ್ಲಿ ಅವರಷ್ಟು ಚೆನ್ನಾಗಿದ್ದವರು ಕಡಿಮೆ. ಹೀಗೆ ಅಡ್ಡ ನಿಂತದ್ದಕ್ಕೆ ಗಜದ ಲೆಕ್ಕವಿಲ್ಲ. ಆದರೆ 1.67 ಕೋಟಿಯ ಪ್ರಶ್ನೆಗೆ ಇದು ಉತ್ತರವಾಗುತ್ತದಾ? ಪೊಲಾರ್ಡ್ ಮೇಲೆ ಟ್ಯಾಗ್ ಹಾಕಿ 1.01 ಕೋಟಿ ಎತ್ತಿಟ್ಟ ಮೇಲಂತೂ ಆಗುವುದಿಲ್ಲ. ಇಬ್ಬರನ್ನೂ ಇಟ್ಟುಕೊಂಡರೆ ಕ್ಯಾಪ್‌ನ ಎಂಟರಲ್ಲೊಂದು ಪಾಲು ರನ್ನಿಂಗ್ ಬ್ಯಾಕ್‌ಗಳಿಗೇ ಹೋಗುತ್ತಿತ್ತು.

ಕೌಬಾಯ್ಸ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೆಸರೂ ಹೀಗೇ ಹೋಗಿದೆ. ಎಮ್ಮಿಟ್ ಸ್ಮಿತ್. ಮೂರು ಸೂಪರ್ ಬೌಲ್ ಗೆದ್ದ ತಂಡದ ಬೆನ್ನೆಲುಬು. 2002ರ ಅಕ್ಟೋಬರ್ 27ರಂದು ವಾಲ್ಟರ್ ಪೇಟನ್ ದಾಖಲೆ ಮುರಿದು ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ಗಜ ಓಡಿದವರಾದರು. ನಾಲ್ಕು ತಿಂಗಳಲ್ಲಿ, 2003ರ ಫೆಬ್ರವರಿಯಲ್ಲಿ, ಬಿಲ್ ಪಾರ್ಸೆಲ್ಸ್ ಹೊಸ ಕೋಚ್ ಆಗಿ ಬಂದ ಬೆನ್ನಲ್ಲೇ ಬಿಡುಗಡೆ. ವಯಸ್ಸು 33. ಅರಿಜೋನಾದಲ್ಲಿ ಎರಡು ವರ್ಷ ಆಡಿ 18,355 ಗಜಕ್ಕೆ ನಿಲ್ಲಿಸಿದರು. ಆ ದಾಖಲೆ ಇಂದಿಗೂ ಅಲ್ಲೇ ಇದೆ. ಎಲಿಯಟ್ ಡಲ್ಲಾಸ್ ಬಿಡುವಾಗ 8,262 ಗಜ ಓಡಿದ್ದರು. ತಂಡದ ಪಟ್ಟಿಯಲ್ಲಿ ಸ್ಮಿತ್ ಮತ್ತು ಟೋನಿ ಡಾರ್ಸೆಟ್ ಆದ ಮೇಲೆ ಅವರೇ.

ಹೊರಬಿದ್ದ ಮೇಲೆ

ಬಿಡುಗಡೆಯಾದವರೆಲ್ಲ ಒಂದೇ ಥರ ಹೊರಗೆ ಬರುವುದಿಲ್ಲ. ನಾಲ್ಕು ಸೀಸನ್ ಪೂರೈಸದ ಹುಡುಗರು ಮೊದಲು ವೇವರ್ ಪಟ್ಟಿಗೆ ಹೋಗುತ್ತಾರೆ. ಬೇರೆ ಯಾವ ತಂಡವಾದರೂ ಇದ್ದ ಒಪ್ಪಂದದ ಸಮೇತ ಎತ್ತಿಕೊಳ್ಳಬಹುದು, ಹುಡುಗನನ್ನು ಯಾರೂ ಕೇಳುವುದಿಲ್ಲ. ನಾಲ್ಕು ದಾಟಿದ ಅನುಭವಿಗಳು ಮಾರ್ಚ್‌ನಲ್ಲಿ ಹೊರಬಿದ್ದರೆ ಆ ಕ್ಷಣವೇ ಸ್ವತಂತ್ರರು, ಬೇಕಾದಲ್ಲಿಗೆ ಹೋಗಬಹುದು. ಸೀಸನ್ ನಡುವೆ ಆಟಗಾರರ ವಿನಿಮಯದ ಗಡುವು ಮುಗಿದ ಮೇಲೆ ಮಾತ್ರ ಅನುಭವಿಗಳೂ ವೇವರ್ ದಾಟಿಯೇ ಹೋಗಬೇಕು. ಇನ್ನೊಂದು ಸಣ್ಣ ರಕ್ಷಣೆ ಇದೆ. ಅನುಭವಿ ಆಟಗಾರ ಮೊದಲ ವಾರದ ಪಂದ್ಯಕ್ಕೆ ತಂಡದಲ್ಲಿದ್ದರೆ, ಆಮೇಲೆ ತೆಗೆದರೂ ಆ ವರ್ಷದ ಸಂಬಳ ಕೇಳುವ ಹಕ್ಕಿದೆ. ಆಗಸ್ಟ್ ಕೊನೆಯಲ್ಲಿ ತಂಡಗಳು ಹಳಬರನ್ನು ಅವಸರದಲ್ಲಿ ಕಳಿಸುವುದಕ್ಕೆ ಇದೂ ಒಂದು ಕಾರಣ.

ಸ್ವತಂತ್ರರಾದ ಎಲಿಯಟ್ ತಿಂಗಳುಗಟ್ಟಲೆ ಕಾದರು. ಆ ಬೇಸಿಗೆ ರನ್ನಿಂಗ್ ಬ್ಯಾಕ್‌ಗಳಿಗೆಲ್ಲ ಕೆಟ್ಟದಾಗಿತ್ತು. ಟ್ಯಾಗ್ ಬಿದ್ದ ಮೂವರು, ಪೊಲಾರ್ಡ್, ಸಕ್ವಾನ್ ಬಾರ್ಕ್ಲಿ ಮತ್ತು ಜಾಶ್ ಜೇಕಬ್ಸ್, ಯಾರಿಗೂ ಜುಲೈ ಗಡುವಿನೊಳಗೆ ದೊಡ್ಡ ಒಪ್ಪಂದ ಸಿಗಲಿಲ್ಲ. ಚಾರ್ಜರ್ಸ್ ತಂಡದ ಆಸ್ಟಿನ್ ಎಕ್ಲರ್ ಮುಂದಾಳತ್ವದಲ್ಲಿ ಲೀಗ್‌ನ ದೊಡ್ಡ ರನ್ನಿಂಗ್ ಬ್ಯಾಕ್‌ಗಳು ಝೂಮ್‌ನಲ್ಲಿ ಸೇರಿ ದುಃಖ ಹಂಚಿಕೊಂಡರು. ಹೊರಗೆ ಬಂದದ್ದೇನೂ ಇಲ್ಲ. ಈಗಿನ ಸಾಮೂಹಿಕ ಒಪ್ಪಂದ 2030ರ ಸೀಸನ್‌ವರೆಗೆ ಇದೆ. ಅಲ್ಲಿಯವರೆಗೆ ನಿಯಮ ಬದಲಾಗುವ ಲಕ್ಷಣ ಕಾಣುವುದಿಲ್ಲ.

ಆದರೆ ಮಾರುಕಟ್ಟೆಯ ಗಾಳಿ ಸ್ವಲ್ಪ ತಿರುಗಿತು. ನ್ಯೂಯಾರ್ಕ್ ಜೈಂಟ್ಸ್ ಬಿಟ್ಟುಕೊಟ್ಟ ಬಾರ್ಕ್ಲಿ 2024ರಲ್ಲಿ ಈಗಲ್ಸ್ ಸೇರಿ 2,005 ಗಜ ಓಡಿದರು, ಸೂಪರ್ ಬೌಲ್ ಗೆದ್ದರು. ಮರುವರ್ಷ ವರ್ಷಕ್ಕೆ 2 ಕೋಟಿ ದಾಟುವ ಒಪ್ಪಂದ ಪಡೆದರು. ಈ ಸ್ಥಾನದಲ್ಲಿ ಅದೇ ಮೊದಲು. 30 ದಾಟಿದ ಡೆರಿಕ್ ಹೆನ್ರಿ ಬಾಲ್ಟಿಮೋರ್‌ಗೆ ಹೋಗಿ 1,921 ಗಜ ತೆಗೆದರು. ರನ್ನಿಂಗ್ ಬ್ಯಾಕ್‌ಗೆ ಹಣ ಹಾಕುವುದೇ ದಂಡ ಅನ್ನುತ್ತಿದ್ದವರು ಸ್ವಲ್ಪ ಕಾಲ ಬಾಯಿ ಮುಚ್ಚಿಕೊಂಡರು. ಗಮನಿಸಿ, ಇಬ್ಬರೂ ಒಳ್ಳೆಯ ಲೈನ್, ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇರುವ ತಂಡಕ್ಕೇ ಹೋದವರು. ಅತ್ತ ಪೊಲಾರ್ಡ್ ಕತೆ ತಿರುಗುಮುರುಗು. ಟ್ಯಾಗ್ ವರ್ಷದಲ್ಲಿ ಪೂರ್ತಿ ಹೊರೆ ಅವರೊಬ್ಬರ ಮೇಲೆ ಬಿದ್ದಾಗ 5.2ರ ಸರಾಸರಿ 4.0ಕ್ಕೆ ಇಳಿಯಿತು. ಪ್ಲೇಆಫ್‌ನ ಅದೇ ಸ್ಯಾನ್ ಫ್ರಾನ್ಸಿಸ್ಕೊ ಪಂದ್ಯದಲ್ಲಿ ಮುರಿದಿದ್ದ ಕಾಲೂ ಕಾರಣವಿರಬಹುದು. 2024ರ ಮಾರ್ಚ್‌ನಲ್ಲಿ ಅವರೂ ಡಲ್ಲಾಸ್ ಬಿಟ್ಟು ಟೆನೆಸ್ಸಿಗೆ ಹೋದರು.

ಎಲಿಯಟ್‌ಗೆ 2023ರ ಆಗಸ್ಟ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಒಂದು ವರ್ಷದ ಒಪ್ಪಂದ ಕೊಟ್ಟಿತು. ಎಲ್ಲ ಗುರಿ ಮುಟ್ಟಿದರೆ 60 ಲಕ್ಷದವರೆಗೆ. 642 ಗಜ ಓಡಿದರು. ಮುಂದಿನ ವಸಂತದಲ್ಲಿ, ಪೊಲಾರ್ಡ್ ಖಾಲಿ ಮಾಡಿದ ಜಾಗಕ್ಕೆ ಜನ ಬೇಕಾಗಿ, ಕೌಬಾಯ್ಸ್ ಮತ್ತೆ ಅವರನ್ನೇ ಕರೆಯಿತು. ಈ ಸಲ ಒಂದು ವರ್ಷಕ್ಕೆ ಸುಮಾರು 20 ಲಕ್ಷ. ಹಾಗಾಗಿ 2024ರ ಕೌಬಾಯ್ಸ್ ಕ್ಯಾಪ್ ಲೆಕ್ಕದಲ್ಲಿ ಎಲಿಯಟ್ ಹೆಸರು ಎರಡು ಕಡೆ ಇತ್ತು. ಆಡುತ್ತಿದ್ದ ಎಲಿಯಟ್‌ಗೆ 20 ಲಕ್ಷ. ಬಿಟ್ಟುಹೋದ ಎಲಿಯಟ್‌ಗೆ 60.4 ಲಕ್ಷ.

ಆ ವರ್ಷ ಅವರಿಗೆ ಚೆಂಡು ಸಿಕ್ಕಿದ್ದೇ ಕಡಿಮೆ. ಓಡಿದ್ದು 226 ಗಜ, 3 ಟಚ್‌ಡೌನ್. ಡಲ್ಲಾಸ್ ಪ್ಲೇಆಫ್‌ನಿಂದ ಹೊರಬಿದ್ದ ಮೇಲೆ, ಒಂದು ಪಂದ್ಯ ಬಾಕಿ ಇರುವಾಗ, ಬೇರೆ ಕಡೆ ಪ್ಲೇಆಫ್ ಆಡುವ ಅವಕಾಶ ಹುಡುಕಲು ಬಿಟ್ಟುಬಿಡಿ ಎಂದು ಎಲಿಯಟ್ ಕೇಳಿಕೊಂಡರು. ಡಿಸೆಂಬರ್ 31ರಂದು ಎರಡನೇ ಸಲ ಬಿಡುಗಡೆ. ಗಡುವು ಮುಗಿದಿದ್ದರಿಂದ ಈ ಸಲ ವೇವರ್ ದಾಟಿಯೇ ಹೋಗಬೇಕಾಯಿತು. ಯಾರೂ ಎತ್ತಿಕೊಳ್ಳಲಿಲ್ಲ. ಜನವರಿಯಲ್ಲಿ ಚಾರ್ಜರ್ಸ್ ತಂಡ ಅವರನ್ನು ಅಭ್ಯಾಸದ ಪಟ್ಟಿಗೆ ಸೇರಿಸಿಕೊಂಡಿತು. ಅದೇ ವಾರ ಚಾರ್ಜರ್ಸ್ ಮೊದಲ ಸುತ್ತಿನಲ್ಲೇ ಹ್ಯೂಸ್ಟನ್ ಎದುರು 32-12ರಿಂದ ಸೋತಿತು.